ಅತ್ತೆಯ ಟ್ರಂಕಿನ ದಸರಾ ಗೊಂಬೆಗಳು: ಒರೆಸುವ ಮೊದಲು, ಅಂಟಿಸುವ ಮೊದಲು

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲಾಟಿನಲ್ಲಿದ್ದೇವೆ. ಮೈಸೂರಿನಲ್ಲಿದ್ದ ನಮ್ಮ ಅತ್ತೆಯವರು ತೀರಿಕೊಂಡು ವರ್ಷ ತುಂಬಿತು. ಅವರು ಪ್ರತಿ ನವರಾತ್ರಿಗೆ ಕೂರಿಸುತ್ತಿದ್ದ ಗೊಂಬೆಗಳ ಎರಡು ಟ್ರಂಕು ಈಗ ನಮ್ಮ ಮನೆಗೆ ಬಂದಿವೆ. ನನ್ನ ತವರು ಧಾರವಾಡ. ನಮ್ಮಲ್ಲಿ ಘಟ ಕೂರಿಸುವುದು, ಬನ್ನಿ ಕೊಡುವುದು ಗೊತ್ತೇ ಹೊರತು ಗೊಂಬೆ ಕೂರಿಸುವ ರೂಢಿಯಿಲ್ಲ. ಆದರೂ ಈ ಸಲ ಕೂರಿಸಲೇಬೇಕೆಂಬ ಆಸೆ. ಮೊನ್ನೆ ಒಂದು ಟ್ರಂಕು ತೆಗೆದೆ. ಪಟ್ಟದ ಗೊಂಬೆಗಳಲ್ಲಿ, ಅಂದರೆ ರಾಜ ರಾಣಿಯ ಮರದ ಜೋಡಿಯಲ್ಲಿ, ರಾಣಿಯ ಕಾಲಡಿ ಹಿಟ್ಟಿನಂಥ ಪುಡಿ ಇತ್ತು. ಮಣ್ಣಿನ ಕೃಷ್ಣನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನೀಲಿ ಬಣ್ಣ ಬಟ್ಟೆಗೆ ಹತ್ತಿತು, ಹೆದರಿ ನಿಲ್ಲಿಸಿದೆ. ದಶಾವತಾರದಲ್ಲಿ ನರಸಿಂಹನ ಒಂದು ಕೈ ಮುರಿದಿದೆ. ಮುರಿದದ್ದು ಮನೆಯಲ್ಲಿರಬಾರದು, ಕೆರೆಗೆ ಬಿಡಿ ಎನ್ನುತ್ತಾರೆ ಪಕ್ಕದ ಮನೆಯವರು. ಒಂದು ವರ್ಷ ಕೂರಿಸಿದರೆ ಮುಂದೆ ಬಿಡುವ ಹಾಗಿಲ್ಲ, ಪ್ರತಿ ವರ್ಷ ಹೊಸ ಗೊಂಬೆ ಸೇರಿಸಲೇಬೇಕು ಎಂದೂ ಹೇಳುತ್ತಾರೆ. ಅಮೆರಿಕದಲ್ಲಿರುವ ನಾದಿನಿ ಪಟ್ಟದ ಜೋಡಿಯನ್ನು ಕೇಳುತ್ತಿದ್ದಾಳೆ. ಹಬ್ಬಕ್ಕೆ ಮೂರು ವಾರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀಲಿ ಬಣ್ಣ ಬಟ್ಟೆಗೆ ಹತ್ತಿದ ಕೂಡಲೇ ಕೈ ಹಿಂದೆ ತೆಗೆದಿರಲ್ಲ, ಅಲ್ಲಿಗೆ ಆ ಕೃಷ್ಣ ಉಳಿದುಕೊಂಡ. ಇದನ್ನು ಪೂರ್ತಿ ಓದುವ ತನಕ ಯಾವ ಗೊಂಬೆಗೂ ನೀರು, ಎಣ್ಣೆ, ಗೋಂದು, ಹೊಸ ಬಣ್ಣ ತಾಗಿಸಬೇಡಿ.

ನೀವು ಕೇಳಿರುವುದು ಐದಾರು ಸಂಗತಿ. ಎಲ್ಲದರ ಅಡಿಯಲ್ಲಿ ಒಂದೇ ಅಂಜಿಕೆ ಇದೆ: ಅತ್ತೆ ಅಷ್ಟು ವರ್ಷ ಜೋಪಾನ ಮಾಡಿದ್ದು ನನ್ನ ಕೈಗೆ ಬಂದು ಕೆಟ್ಟುಹೋದರೆ? ಮರ, ಮಣ್ಣು, ಬಣ್ಣದ ಹಳೆಯ ವಸ್ತುಗಳನ್ನು ಸರಿಮಾಡುವ ಕೆಲಸದಲ್ಲಿ ನನಗೆ ಇಪ್ಪತ್ತಾರು ವರ್ಷ ಕಳೆದಿವೆ. ಭಾದ್ರಪದ ಬಂತೆಂದರೆ ನನ್ನ ಮೇಜಿನ ಮೇಲೆ ಗೊಂಬೆಗಳೇ. ಹಾಗೆ ಬಂದವುಗಳಲ್ಲಿ ಬರೀ ವಯಸ್ಸಾಗಿ ಕೆಟ್ಟವು ಬಹಳ ಕಡಿಮೆ. ಒರೆಸಿ ಕೆಟ್ಟವು, ಅಂಟಿಸಿ ಕೆಟ್ಟವು, ಮೇಲೆ ಬಣ್ಣ ಬಳಿದು ಕೆಟ್ಟವು ಹೆಚ್ಚು. ಎಲ್ಲಕ್ಕಿಂತ ಹೆಚ್ಚು, ಕಟ್ಟಿಟ್ಟ ರೀತಿಯಿಂದಲೇ ಕೆಟ್ಟವು. ಗೊಂಬೆ ಮೆಟ್ಟಿಲ ಮೇಲೆ ಕೂರುವುದು ಹತ್ತು ದಿನ, ಟ್ರಂಕಿನಲ್ಲಿ ಮಲಗುವುದು ಮಿಕ್ಕ 355 ದಿನ. ಅಪಾಯ ಇರುವುದು ಆ 355 ದಿನದಲ್ಲಿ. ಹಾಗಾಗಿ ಹಬ್ಬದ ಹತ್ತು ದಿನಕ್ಕೆ ನೀವು ಪಡುತ್ತಿರುವ ಚಿಂತೆಯಲ್ಲಿ ಸ್ವಲ್ಪವನ್ನು ಟ್ರಂಕಿನ ಕಡೆಗೆ ತಿರುಗಿಸಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಮನಸ್ಸಿಗೆ ಚುಚ್ಚುತ್ತಿರುವ ಮಾತುಗಳನ್ನು ನೋಡೋಣ. ಮುರಿದ ಮೂರ್ತಿ ಪೂಜೆಗೆ ಸಲ್ಲದು ಎಂಬ ಮಾತು ಪ್ರಾಣಪ್ರತಿಷ್ಠೆ ಆದ ವಿಗ್ರಹಕ್ಕೆ ಹೇಳಿದ್ದು. ದಸರಾ ಗೊಂಬೆಗೆ ಪ್ರಾಣಪ್ರತಿಷ್ಠೆ ಇಲ್ಲ. ಪೂಜೆ ಸಲ್ಲುವುದು ಕಲಶಕ್ಕೆ, ಪಟ್ಟದ ಜೋಡಿಗೆ. ಮಿಕ್ಕವು ದರ್ಬಾರಿಗೆ ಬಂದು ಕೂತವು. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಕೈ ಹೋದ ಸಿಪಾಯಿ, ಬಾಲ ಹೋದ ಆನೆ ತಲೆಮಾರಿನಿಂದ ಸಾಲಿನಲ್ಲಿ ನಿಂತಿರುವುದನ್ನು ನಾನೇ ನೋಡಿದ್ದೇನೆ. ನರಸಿಂಹ ದೇವರ ರೂಪವಾದ್ದರಿಂದ ನಿಮಗೆ ಅಳುಕಾದರೆ ಈ ವರ್ಷ ಅವನನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಕೆರೆಗೆ ಮಾತ್ರ ಬಿಡಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಅದು ನೀರಿಗೆ ಸೇರಬಾರದು. ಇದೇ ಕಾರಣಕ್ಕೆ ಚಿಕ್ಕ ಮಕ್ಕಳು ಹಳೆಯ ಗೊಂಬೆಯನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಮುಟ್ಟಿದ ಮೇಲೆ ಕೈ ತೊಳೆಸಿ.

ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ ಎಂಬುದು ರೂಢಿಯನ್ನು ಉಳಿಸಿಕೊಳ್ಳಲು ಹಿರಿಯರು ಹೇಳುತ್ತಾ ಬಂದ ಮಾತು. ಮನೆಯಲ್ಲಿ ಸೂತಕ ಬಂದಾಗ, ಬಾಣಂತನ ಇದ್ದಾಗ ಬಿಟ್ಟವರೇ ಎಲ್ಲರೂ. ಹೆಚ್ಚೇನೂ ಆಗದ ವರ್ಷ ಪಟ್ಟದ ಜೋಡಿಯನ್ನಷ್ಟೇ ಒಂದು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿ ಮುಗಿಸುವವರಿದ್ದಾರೆ. ಹೊಸ ಗೊಂಬೆಯ ವಿಷಯವೂ ಹಾಗೇ. ವರ್ಷಕ್ಕೊಂದು ಸೇರಿಸುವುದು ಒಳ್ಳೆಯ ಪದ್ಧತಿ, ಗೊಂಬೆ ಮಾಡುವವರ ಮನೆಯಲ್ಲಿ ಒಲೆ ಉರಿಯುವುದು ಅದರಿಂದ. ಆದರೆ ಇರುವ ಗೊಂಬೆಗೆ ಹುಳ ಹಿಡಿದಿರುವಾಗ ಹೊಸದಕ್ಕೆ ಖರ್ಚು ಮಾಡುವ ಬದಲು ಇರುವುದನ್ನು ಉಳಿಸಿ. ಮೆಟ್ಟಿಲು 3, 5, 7, 9 ಎಂದು ಬೆಸ ಸಂಖ್ಯೆಯಲ್ಲಿರುವುದು ವಾಡಿಕೆ. ನಿಮ್ಮ ಹಾಲಿಗೆ ಮೂರು ಸಾಕು.

ಇನ್ನೊಂದು ಮಾತು ನಿಮ್ಮ ಕಿವಿಗೆ ಇಷ್ಟರಲ್ಲೇ ಬೀಳುತ್ತದೆ: ಪಿತೃಪಕ್ಷದಲ್ಲಿ ಗೊಂಬೆ ಟ್ರಂಕು ಮುಟ್ಟಬಾರದು, ಮಹಾಲಯ ಅಮಾವಾಸ್ಯೆ ಕಳೆಯಲಿ ಎಂದು. ಕೂರಿಸುವುದಕ್ಕೆ ಅದು ಸರಿ. ಆದರೆ ಅಮಾವಾಸ್ಯೆಯ ಸಂಜೆ ಟ್ರಂಕು ಇಳಿಸಿ ಪಾಡ್ಯದ ಬೆಳಿಗ್ಗೆಯೊಳಗೆ ಎಲ್ಲ ಜೋಡಿಸುವ ಗಡಿಬಿಡಿ ಇದೆಯಲ್ಲ, ನನ್ನ ಬಳಿ ಬರುವ ಮುರಿದ ಗೊಂಬೆಗಳಲ್ಲಿ ಬಹಳಷ್ಟು ಆ ಒಂದು ರಾತ್ರಿಯವು. ಕೂರಿಸುವುದು ಬೇರೆ, ತೆಗೆದು ನೋಡುವುದು ಬೇರೆ. ಕಾಯಿಲೆಯವರನ್ನು ನೋಡಲು ಯಾವ ಪಕ್ಷವೂ ಅಡ್ಡಿಯಿಲ್ಲ. ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ, ಎರಡನೆಯ ಟ್ರಂಕನ್ನೂ ಈ ವಾರವೇ ತೆಗೆದುಬಿಡಿ.

ಈಗ ರಾಣಿಯ ಕಾಲಡಿಯ ಪುಡಿ. ನನಗೆ ಹೆಚ್ಚು ಕಾಳಜಿ ಇರುವುದು ಇದರ ಬಗ್ಗೆಯೇ, ಯಾಕೆಂದರೆ ಕೈ ಮುರಿದದ್ದು ಇನ್ನೂ ಹತ್ತು ವರ್ಷ ಹಾಗೇ ಇರುತ್ತದೆ, ಹುಳ ಕಾಯುವುದಿಲ್ಲ.

ಪುಡಿ ಮೂರು ಬಗೆಯದಿರಬಹುದು. ಬೆರಳ ತುದಿಗೆ ಸ್ವಲ್ಪ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿಯಿರಿ. ಚಿಕ್ಕ ಚಿಕ್ಕ ಹಕ್ಕಳೆ, ಒಂದು ಮುಖ ಬಿಳಿ, ಇನ್ನೊಂದು ಮುಖ ಬಣ್ಣ ಎಂದಿದ್ದರೆ ಅದು ಮೇಲಿನ ಲೇಪ ಉದುರುತ್ತಿರುವುದು. ಹತ್ತಿಯಂತೆ ಬೆಳ್ಳಗೆ, ಮುಗ್ಗಲು ವಾಸನೆ ಬಂದರೆ ಬೂಷ್ಟು. ಒಂದೇ ಬಣ್ಣದ, ಮರದ್ದೇ ಬಣ್ಣದ, ಟಾಲ್ಕಂ ಪೌಡರಿನಷ್ಟು ನುಣ್ಣಗೋ ಸಣ್ಣ ರವೆಯಷ್ಟು ತರಿಯಾಗಿಯೋ ಇದ್ದರೆ ಕುಟ್ಟೆ ಹುಳ. ಆಗ ಗೊಂಬೆಯ ಮೈಯಲ್ಲಿ, ಹೆಚ್ಚಾಗಿ ಬುಡದಲ್ಲಿ ಮತ್ತು ಬೆನ್ನಿನಲ್ಲಿ, ಸಾಸಿವೆ ತೂರುವಷ್ಟು ಗುಂಡಗಿನ ತೂತು ಸಿಗುತ್ತದೆ. ಆ ತೂತು ಹುಳ ಒಳಗೆ ಹೋದದ್ದಲ್ಲ, ಹೊರಗೆ ಬಂದದ್ದು. ಮರಿ ತಿಂಗಳುಗಟ್ಟಲೆ ಒಳಗೆ ಮರದ ಪಿಷ್ಟ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಕೊರೆದುಕೊಂಡು ಆಚೆ ಬರುತ್ತದೆ. ಅಂದರೆ ತೂತು ಕಂಡ ಮಾತ್ರಕ್ಕೆ ಹುಳ ಈಗಲೂ ಇದೆ ಎಂದಲ್ಲ. ಹತ್ತು ವರ್ಷದ ಹಿಂದೆ ಬಂದು ಹೋಗಿರಲೂಬಹುದು.

ಇದನ್ನು ತಿಳಿಯುವ ಉಪಾಯ ಸುಲಭ. ಸ್ಟೇಷನರಿ ಅಂಗಡಿಯಿಂದ ಒಂದು ಕರಿ ಚಾರ್ಟ್ ಕಾಗದ ತನ್ನಿ. ಹಳೆಯ ಪುಡಿಯನ್ನೆಲ್ಲ ಒಣ ಬ್ರಷ್ಷಿನಿಂದ ತೆಗೆದು, ರಾಜ ರಾಣಿ ಇಬ್ಬರನ್ನೂ ಅದರ ಮೇಲೆ ನಿಲ್ಲಿಸಿ ಒಂದು ವಾರ ಅಲುಗಿಸದೆ ಬಿಡಿ. ಮಿಕ್ಕ ಮರದ ಗೊಂಬೆಗಳಿಂದ ದೂರ, ಬೇರೆ ಕೋಣೆಯಲ್ಲಿ. ವಾರದ ಕೊನೆಗೆ ಕಾಗದದ ಮೇಲೆ ಹೊಸ ಗುಪ್ಪೆ ಬಿದ್ದಿದ್ದರೆ ಹುಳ ಜೀವಂತ. ಕಾಗದ ಕರ್ರಗೇ ಇದ್ದರೆ ಇನ್ನೂ ಒಂದು ವಾರ ನೋಡಿ.

ಒಂದು ವಿಷಯ ಇಲ್ಲೇ ಹೇಳಬೇಕು. ಪಟ್ಟದ ಗೊಂಬೆ ಎಂದರೆ ರಕ್ತಚಂದನ ಎಂದೇ ಎಲ್ಲರೂ ನಂಬುತ್ತಾರೆ. ಹಳೆಯವು ಹಲವು ನಿಜವಾಗಿಯೂ ಹಾಗೇ. ತಿರುಪತಿಯ ಕಡೆಯ ಶೇಷಾಚಲದ ಕಾಡಿನ ಮರ ಅದು. ರಕ್ತಚಂದನದ ಕೆಂಪು ತಿರುಳಿಗೆ ಕುಟ್ಟೆ ಹಿಡಿಯುವುದು ಅಪರೂಪ. ಅದರ ಹೊರಗಿನ ಬಿಳಿ ಭಾಗಕ್ಕೆ ಹಿಡಿಯುತ್ತದೆ. ನಿಮ್ಮ ರಾಣಿಯ ಮೈತುಂಬ ತೂತಿದ್ದರೆ ಅದು ಬೇರೆ ಹಗುರ ಮರಕ್ಕೆ ಕೆಂಪು ಬಣ್ಣ ಕೊಟ್ಟದ್ದಿರಬೇಕು. ಅದರಿಂದ ಗೊಂಬೆಯ ಬೆಲೆ ನಿಮ್ಮ ಮನೆಯಲ್ಲಿ ಕಡಿಮೆಯಾಗುವುದಿಲ್ಲ, ಆದರೆ ಒಂದು ಎಚ್ಚರಿಕೆ ಮುಖ್ಯ. ಹಿಂದೆ ಮಕ್ಕಳಿಗೆ ಬಾವು ಬಂದರೆ ಈ ಗೊಂಬೆಯನ್ನು ಕಲ್ಲಿನ ಮೇಲೆ ತೇದು ಹಚ್ಚುತ್ತಿದ್ದರು. ಯಾವ ಮರ, ಯಾವ ಬಣ್ಣ ಎಂದು ಗೊತ್ತಿಲ್ಲದ ಗೊಂಬೆಯನ್ನು ಹಾಗೆ ತೇಯಬೇಡಿ.

ಹುಳ ಇದ್ದರೆ ಏನು ಮಾಡಬೇಕು? ಬಿಸಿಲಿಗಿಡಿ ಎನ್ನುವವರು ಹೆಚ್ಚು. ಬಿಸಿಲಿನ ಕಾವು ಮರದ ನಡುವಿಗೆ ಮುಟ್ಟುವುದಿಲ್ಲ, ಹೊರಮೈ ಮಾತ್ರ ಒಣಗಿ ಸೀಳುತ್ತದೆ, ಬಣ್ಣ ಮಾಸುತ್ತದೆ. ಸೀಮೆಎಣ್ಣೆ ತೊಟ್ಟು ಹಾಕುವವರಿದ್ದಾರೆ. ಅದು ಬಣ್ಣವನ್ನು ಎಬ್ಬಿಸುತ್ತದೆ, ಅದಕ್ಕಿಂತ ಹೆಚ್ಚಾಗಿ, ನಾಳೆ ಅದೇ ಗೊಂಬೆಯ ಮುಂದೆ ನೀವು ದೀಪ ಹಚ್ಚುತ್ತೀರಿ. ಅಂಗಡಿಯಲ್ಲಿ ಸಿಗುವ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ತೂತಿಗೆ ಬಿಡುವುದು ಮಂಚ, ಬಾಗಿಲಿಗೆ ಸರಿ. ಬಣ್ಣವಿರುವ, ಮಕ್ಕಳು ಮುಟ್ಟುವ ಗೊಂಬೆಗೆ ನಾನು ಮಾಡುವುದಿಲ್ಲ.

ಮನೆಯಲ್ಲೇ ಮಾಡಬಹುದಾದ, ಔಷಧಿ ಇಲ್ಲದ ದಾರಿ ಚಳಿ. ಗೊಂಬೆಯ ಬಟ್ಟೆ ಒಡವೆ ಬಿಚ್ಚಿ, ಮೈಗೆ ಒಣ ಹತ್ತಿ ಬಟ್ಟೆ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಗೆ ಇಳಿಯುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಕೂರುತ್ತದೆ. ಇಡೀ ಮರದಲ್ಲಿ ಕೆತ್ತಿ, ಕಣ್ಣು ಹುಬ್ಬು ಮಾತ್ರ ಬರೆದ ಪಟ್ಟದ ಜೋಡಿಗೆ ಇದು ಸಾಮಾನ್ಯವಾಗಿ ತಡೆಯುತ್ತದೆ. ಅರಗು ಹಚ್ಚಿದ ಚನ್ನಪಟ್ಟಣದ ಗೊಂಬೆಗೆ, ಲೇಪದ ಮೇಲೆ ಬಣ್ಣ ಕೂರಿಸಿದ ಕಿನ್ನಾಳ, ಕೊಂಡಪಲ್ಲಿ ಗೊಂಬೆಗೆ ಬೇಡ; ಮರ ಕುಗ್ಗುವಷ್ಟು ಮೇಲಿನ ಪದರ ಕುಗ್ಗದೆ ಬಿರುಕು ಬಿಡಬಹುದು. ಪದೇ ಪದೇ ಕರೆಂಟು ಹೋಗುವ ಕಡೆಯಲ್ಲೂ ಪ್ರಯೋಜನವಿಲ್ಲ. ಫ್ರೀಜರಿಗೆ ಇಡಲು ಮನಸ್ಸು ಒಪ್ಪದಿದ್ದರೆ ಅದನ್ನೂ ಬಲ್ಲೆ, ಬಹಳ ಮಂದಿಗೆ ಒಪ್ಪುವುದಿಲ್ಲ. ಆಗ ಆಮ್ಲಜನಕ ಹೀರುವ ಪೊಟ್ಟಣಗಳನ್ನು ಹಾಕಿ, ಗಾಳಿ ನುಸುಳದ ವಿಶೇಷ ಚೀಲದಲ್ಲಿ ನಾಲ್ಕೈದು ವಾರ ಮುಚ್ಚಿಡುವ ಕ್ರಮವಿದೆ. ಅದನ್ನು ವಸ್ತು ಸಂರಕ್ಷಣೆ ಬಲ್ಲವರಿಂದಲೇ ಮಾಡಿಸಿ.

ಲೆಕ್ಕ ಹಾಕಿದರೆ ಒಂದು ವಾರದ ಪರೀಕ್ಷೆ, ಎರಡು ವಾರದ ಚಳಿ, ಅಷ್ಟಕ್ಕೆ ಹಬ್ಬ ಬಂದೇಬಿಡುತ್ತದೆ. ಓಡಬೇಡಿ. ಹುಳ ಇದೆಯೆಂದು ಗೊತ್ತಾದರೂ ಈ ನವರಾತ್ರಿಗೆ ಜೋಡಿಯನ್ನು ಕೂರಿಸಬಹುದು. ಅಗಲವಾದ ಹಿತ್ತಾಳೆ ತಟ್ಟೆಯೊಳಗೆ, ಮರದ ಮಣೆಯ ಮೇಲಲ್ಲ, ಮಿಕ್ಕ ಮರದ ಗೊಂಬೆಗಳಿಂದ ಮೂರು ನಾಲ್ಕು ಅಡಿ ದೂರ. ದಿನಾ ಸಂಜೆ ತಟ್ಟೆ ನೋಡಿ. ದಶಮಿ ಮುಗಿದ ಮರುದಿನ ಚಿಕಿತ್ಸೆ ಮಾಡಿ.

ಕೃಷ್ಣನ ಬಣ್ಣ ಬಿಟ್ಟದ್ದೇಕೆ ಎಂದರೆ, ಹಳೆಯ ಮಣ್ಣಿನ ಗೊಂಬೆಗಳಲ್ಲಿ ಬಹಳಷ್ಟಕ್ಕೆ ಬಣ್ಣದ ಪುಡಿಯನ್ನು ಅಂಟಿನ ನೀರಲ್ಲಿ ಕಲಸಿ ಹಚ್ಚಿರುತ್ತಾರೆ. ಕೆಳಗೆ ಸುಣ್ಣದಂಥ ಬಿಳಿಯ ಲೇಪ. ನೀರು ತಾಗಿದರೆ ಅಂಟು ಕರಗಿ ಬಣ್ಣ ಸಡಿಲವಾಗುತ್ತದೆ. ಚಿಕ್ಕವನಿದ್ದಾಗ ನಮ್ಮ ತಾಯಿಯ ಯಶೋದೆ ಗೊಂಬೆಯನ್ನು ಚೊಕ್ಕಟ ಮಾಡಲು ಹೋಗಿ ಒಂದು ಹುಬ್ಬನ್ನು ಒರೆಸಿಬಿಟ್ಟಿದ್ದೆ. ಆ ಯಶೋದೆ ಇಂದಿಗೂ ಒಂದೇ ಹುಬ್ಬಿನಲ್ಲಿ ನಮ್ಮ ಸಾಲಿನಲ್ಲಿದ್ದಾಳೆ. ಅದನ್ನು ಮತ್ತೆ ಬರೆಯಲು ನನಗೆ ಇಷ್ಟು ವರ್ಷದ ಮೇಲೂ ಕೈ ಬಂದಿಲ್ಲ, ಯಾಕೆಂದರೆ ನಾನು ಬರೆದರೆ ಅದು ನನ್ನ ಹುಬ್ಬು, ಆ ಕುಶಲಕರ್ಮಿಯದಲ್ಲ.

ಮಣ್ಣಿನ ಗೊಂಬೆಗೆ ಒಂದೇ ಶುಚಿ: ಚಿತ್ರಕಾರರು ಬಳಸುವ ಒಂದಿಂಚು ಅಗಲದ ಮೆತ್ತನೆಯ ಒಣ ಬ್ರಷ್, ತಲೆಯಿಂದ ಕೆಳಕ್ಕೆ. ಬಾಯಿಂದ ಊದಬೇಡಿ, ಎಂಜಲಿನ ತೇವ ಸಾಕು ಕಲೆಯಾಗಲು. ನಿಮ್ಮ ಕೃಷ್ಣನ ಕೆನ್ನೆ ಪೂರ್ತಿ ಒಣಗುವವರೆಗೆ ಎರಡು ಮೂರು ದಿನ ಮುಟ್ಟಬೇಡಿ, ಆಮೇಲೆ ಹಾಗೇ ಕೂರಿಸಿ. ಬಣ್ಣ ಮಸುಕಾದ ಜಾಗಕ್ಕೆ ಎನಾಮಲ್ ಬಳಿಯುವ ಯೋಚನೆ ಬಂದರೆ ದಯವಿಟ್ಟು ಬಿಡಿ. ಮೇಲಿನ ಪದರ ಗಟ್ಟಿ, ಕೆಳಗಿನದು ಪೊಳ್ಳು. ಕೆಲವು ವರ್ಷದಲ್ಲಿ ಎರಡೂ ಸೇರಿ ಚಕ್ಕೆಯಾಗಿ ಏಳುತ್ತವೆ. ಎಣ್ಣೆ ಬಣ್ಣ ಬಳಿದ ಮುಖದ ಹಿಂದೆ ಅಳಿಸಿಹೋದ ಕಣ್ಣುಗಳನ್ನು ಹುಡುಕಿ ತೆಗೆಯುವುದು ನನ್ನ ಕೆಲಸದಲ್ಲೇ ಅತ್ಯಂತ ನೋವಿನ ಭಾಗ.

ಚನ್ನಪಟ್ಟಣದವು ಟ್ರಂಕಿನಲ್ಲಿ ಇದ್ದೇ ಇರುತ್ತವೆ. ಅವಕ್ಕೆ ಒಣ ಬಟ್ಟೆ ಸಾಕು. ಆಲೆ ಮರವನ್ನು ಕಡೆಯುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಕಾವಿಗೆ ಕರಗಿಸಿ ಹಚ್ಚಿದ ಬಣ್ಣ ಅದು. ಕಾವಿಗೆ ಕೂತದ್ದು ಕಾವಿಗೆ ಏಳುತ್ತದೆ, ಸ್ಪಿರಿಟ್ಟಿಗೆ ಕರಗುತ್ತದೆ. ಕೊರೊನಾ ಕಾಲದಲ್ಲಿ ಸ್ಯಾನಿಟೈಸರಿನಲ್ಲಿ ಒರೆಸಿ ಮಂಕಾಗಿಸಿದ ಗೊಂಬೆಗಳು ನನ್ನ ಬಳಿ ರಾಶಿ ಬಂದಿದ್ದವು.

ನರಸಿಂಹನ ಕೈಗೆ ಬರೋಣ. ಮುರಿದ ತುಂಡು ಇದೆಯೇ? ಇದ್ದರೆ ಮುರಿದ ಮುಖ ನೋಡಿ. ಇಟ್ಟಿಗೆಯ ಕೆಂಪು ಬಣ್ಣ, ಉಗುರಿಗೆ ಜಗ್ಗದಿದ್ದರೆ ಸುಟ್ಟ ಮಣ್ಣು. ಬೂದು ಅಥವಾ ಕಂದು, ಉಗುರು ತಾಗಿದರೆ ಉದುರಿದರೆ ಹಸಿ ಮಣ್ಣು. ಒಳಗೆಲ್ಲ ಬೆಳ್ಳಗಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಸುಟ್ಟ ಮಣ್ಣಾದರೆ ನೀವೇ ಜೋಡಿಸಬಹುದು. ಎರಡೂ ಮುಖದ ದೂಳು ಬ್ರಷ್ಷಿನಲ್ಲಿ ತೆಗೆದು, ಬಿಳಿ ಗೋಂದನ್ನು ಒಂದೇ ಮುಖಕ್ಕೆ ತೆಳ್ಳಗೆ ಸವರಿ, ಅಂಚಿಗೆ ಬರದಂತೆ ನೋಡಿಕೊಂಡು ಕೂರಿಸಿ. ಕೈಯಲ್ಲಿ ಹಿಡಿದು ನಿಲ್ಲುವುದರಿಂದ ಕೀಲು ಜಾರುತ್ತದೆ. ಅದಕ್ಕೆ ಒಂದು ದೊಡ್ಡ ಬೋಗುಣಿಯಲ್ಲಿ ಒಣ ಮರಳು ತುಂಬಿ, ಗೊಂಬೆಯ ಕೆಳಭಾಗವನ್ನು ಬಟ್ಟೆ ಸುತ್ತಿ ಅದರಲ್ಲಿ ಓರೆಯಾಗಿ ಹೂತು, ಮುರಿದ ಕೈ ತನ್ನ ಭಾರದಿಂದಲೇ ತನ್ನ ಜಾಗದಲ್ಲಿ ಕೂರುವಂತೆ ಮಾಡಿ. ಒಂದು ಹಗಲು ಒಂದು ರಾತ್ರಿ ಬಿಡಿ. ಸಂದು ಕಂಡರೆ ಕಾಣಲಿ, ತುಂಬಬೇಡಿ.

ಕ್ಷಣದಲ್ಲಿ ಕಚ್ಚುವ ಆ ಪುಟ್ಟ ಟ್ಯೂಬಿನ ಗೋಂದು ಮಾತ್ರ ಬೇಡ. ಅದು ಮಣ್ಣಿನ ಒಳಗೆ ಇಂಗಿ ಸುತ್ತ ಕಪ್ಪಗೆ ಹೊಳೆಯುವ ಕಲೆ ಬಿಡುತ್ತದೆ, ಅಂಟು ಮಣ್ಣಿಗಿಂತ ಗಟ್ಟಿಯಾದ್ದರಿಂದ ಮುಂದಿನ ಸಲ ಬಿದ್ದಾಗ ಕೀಲು ಬಿಡದೆ ಪಕ್ಕದ ತೋಳೇ ಕಿತ್ತು ಬರುತ್ತದೆ. ಹಸಿ ಮಣ್ಣಾದರೆ ನೀರಿನ ಗೋಂದೂ ಅಪಾಯ. ತುಂಡನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ 'ನರಸಿಂಹನ ಬಲಗೈ' ಎಂದು ಬರೆದು ಗೊಂಬೆಯ ಜೊತೆಗೇ ಇಟ್ಟು, ಬಲ್ಲವರ ಕೈಗೆ ಕೊಡಿ. ತುಂಡೇ ಇಲ್ಲದಿದ್ದರೆ ಹೊಸ ಕೈ ಮಾಡಿಸಬೇಕೆಂಬ ಕಡ್ಡಾಯವೇನೂ ಇಲ್ಲ. ವರಾಹನ ಭುಜದ ಹಿಂದೆ ಸ್ವಲ್ಪ ತಿರುಗಿಸಿ ನಿಲ್ಲಿಸಿದರೆ ಕಾಣುವುದಿಲ್ಲ.

ಇನ್ನು ಕೂರಿಸುವ ಮಾತು. ಅತ್ತೆಯವರು ಏನಿಟ್ಟು ಮೆಟ್ಟಿಲು ಕಟ್ಟುತ್ತಿದ್ದರೆಂದು ನಿಮ್ಮ ಯಜಮಾನರನ್ನು ಕೇಳಿ. ಬಹುಪಾಲು ಮನೆಗಳಲ್ಲಿ ಖಾಲಿಯಾದ ಟ್ರಂಕುಗಳೇ ಮೆಟ್ಟಿಲು, ಮೇಲೊಂದು ಹಲಗೆ, ಅದರ ಮೇಲೆ ಬಿಳಿ ಪಂಚೆ. ಇವತ್ತಿಗೂ ಅದಕ್ಕಿಂತ ಗಟ್ಟಿಯಾದದ್ದಿಲ್ಲ. ಮಡಿಸುವ ಕಬ್ಬಿಣದ ಸ್ಟ್ಯಾಂಡ್ ತರುವುದಾದರೆ ಪ್ರತಿ ಮೆಟ್ಟಿಲು ಹತ್ತು ಹನ್ನೆರಡು ಇಂಚು ಆಳ ಇರಲಿ, ಮೇಲಿನ ಅಡ್ಡಪಟ್ಟಿಯನ್ನು ಕಿಟಕಿಯ ಸರಳಿಗೆ ಹಗ್ಗದಲ್ಲಿ ಕಟ್ಟಿ. ಒಂದಡಿ ಎತ್ತರದ ಮಣ್ಣಿನ ಗೊಂಬೆ ಎರಡು ಮೂರು ಕಿಲೋ ತೂಗುತ್ತದೆ. ಭಾರದ್ದು ಕೆಳಗೆ ಇರಲಿ. ತಲೆಭಾರದ ಗೊಂಬೆಯ ಹಿಂದೆ ಮರಳು ತುಂಬಿದ ಪುಟ್ಟ ಬಟ್ಟೆ ಚೀಲ ಒತ್ತಿಡಿ. ಅಕ್ಕಿ ಚೀಲ ಬೇಡ, ನುಸಿ ಬರುತ್ತದೆ.

ಮೇಲಿನ ಮೆಟ್ಟಿಲಲ್ಲಿ ಪಟ್ಟದ ಜೋಡಿ ಮತ್ತು ಕಲಶ, ನಡುವೆ ದೇವರು ಪುರಾಣ, ಕೆಳಗೆ ಶೆಟ್ಟಿ ಶೆಟ್ಟಮ್ಮನ ಅಂಗಡಿ, ನೆಲದ ಮೇಲೆ ಕಾಡು, ಪಾರ್ಕು, ಮದುವೆ ದಿಬ್ಬಣ. ಇದು ಸಾಮಾನ್ಯ ಕ್ರಮ. ಜೋಡಿ ಹಿತ್ತಾಳೆ ತಟ್ಟೆಯಲ್ಲಿ ದೂರ ಕೂತಿದ್ದರೆ ಮೇಲೆ ಕಲಶ ಒಂದೇ ಇದ್ದರೂ ಸರಿ. ಪಾರ್ಕಿಗೆ ರಾಗಿಯೋ ಸಾಸಿವೆಯೋ ಮೊಳಕೆ ಬರಿಸುವುದಾದರೆ ನಾಲ್ಕೈದು ದಿನ ಮೊದಲೇ ಬಿತ್ತಿ, ನೀರು ಹನಿಯುವ ತಟ್ಟೆಯನ್ನು ಮಣ್ಣಿನ ಗೊಂಬೆಯಿಂದ ದೂರವಿಡಿ. ಪ್ಲಾಸ್ಟಿಕ್ ಬೊಂಬೆ, ವಿದೇಶದ ಬೊಂಬೆ ಇಡಬಹುದೇ ಎಂಬ ಸಂಕೋಚ ಬೇಡ. ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲೇ ಯೂರೋಪಿನ ಶಿಲ್ಪಗಳಿವೆ. ಧಾರವಾಡದ ನಿಮ್ಮ ಘಟವನ್ನೂ ಅದೇ ಹಾಲಿನಲ್ಲಿ ಕೂರಿಸಿ. ಮನೆಗೆ ಬಂದ ಸೊಸೆಯ ತವರಿನ ಪದ್ಧತಿ ಗೊಂಬೆಯ ಸಾಲಿಗೆ ಸೇರುವುದು ಹಿಂದಿನಿಂದಲೂ ನಡೆದು ಬಂದಿದೆ.

ಕೂರಿಸಿದ ಮೇಲೆ ಗಮನಿಸಬೇಕಾದದ್ದು ಬೆಂಕಿ, ತೇವ, ಅರಿಶಿನ. ದೀಪ ನೆಲದ ಮೇಲೆ ಅಗಲ ತಟ್ಟೆಯಲ್ಲಿರಲಿ, ಪಂಚೆಯ ಅಂಚಿನಿಂದ ಎರಡಡಿ ಆಚೆ. ಸೀರಿಯಲ್ ಬಲ್ಬು ಹಾಕುವುದಾದರೆ ಎಲ್‌ಇಡಿ ಹಾಕಿ, ಬಿಸಿಯಾಗುವ ಹಳೆಯ ಬಲ್ಬು ಅರಗಿನ ಗೊಂಬೆಗೆ ತಾಗಬಾರದು. ಹೂವನ್ನು ಗೊಂಬೆಯ ತಲೆಗೆ ಮುಡಿಸುವ ಮೊದಲು ನೀರು ಕೊಡವಿ. ಅರಿಶಿನ ಕುಂಕುಮವನ್ನು ಕಲಶಕ್ಕೆ ಇಡಿ. ಮಣ್ಣಿಗೆ, ಬಣ್ಣವಿಲ್ಲದ ಮರಕ್ಕೆ ಹತ್ತಿದ ಕುಂಕುಮ ಮತ್ತೆ ಹೋಗುವುದಿಲ್ಲ. ಪಟ್ಟದ ರಾಣಿಗೆ ಇಡಲೇಬೇಕು ಎನ್ನಿಸಿದರೆ ಅಂಟಿನ ಬೊಟ್ಟು ಬೇಡ, ಸೀರೆಯ ಸೆರಗಿಗೆ ತಾಗಿಸಿ. ಸೀರೆ ಉಡಿಸುವಾಗ ಗುಂಡುಸೂಜಿಯ ಬದಲು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ. ನಾನು ಒಮ್ಮೆ ಬಿಚ್ಚಿದ ರಾಣಿಯ ಸೊಂಟದ ಸುತ್ತ ಹನ್ನೊಂದು ಕಪ್ಪು ಚುಕ್ಕೆಗಳಿದ್ದವು, ಹನ್ನೊಂದು ಸೂಜಿ ತುಕ್ಕು ಹಿಡಿದ ಗುರುತು.

ನಾದಿನಿಯ ವಿಷಯ ನಿಮ್ಮ ಮನೆಯ ಒಳಗಿನ ಮಾತು, ತಾಯಿಯ ಗೊಂಬೆಯ ಮೇಲೆ ಮಗಳಿಗೆ ಆಸೆ ಇರುವುದು ಸಹಜ. ನಾನು ಹೇಳಬಹುದಾದದ್ದು ಕಾನೂನಿನ ಮಾತಷ್ಟೇ. ರಕ್ತಚಂದನವು, ಅಳಿವಿನ ಭಯವಿರುವ ಗಿಡ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಮರ. ಪರವಾನಗಿ ಇಲ್ಲದೆ ಅದರ ವಸ್ತುವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೊರಟರೆ ವಿಮಾನ ನಿಲ್ದಾಣದಲ್ಲಿ ತೊಡಕಾಗಬಹುದು. ಗೊಂಬೆ ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ, ಅಂಥದ್ದನ್ನು ದೇಶದ ಆಚೆ ಒಯ್ಯುವ ಹಾಗೇ ಇಲ್ಲ. ಜೋಡಿಯನ್ನು ಇಲ್ಲೇ ಇರಿಸಿ, ಚನ್ನಪಟ್ಟಣದ ಒಂದು ಸೆಟ್ಟನ್ನು ಅವರಿಗೆ ಕೊಡುವುದು ನನಗೆ ಕಾಣುವ ಸುಲಭದ ದಾರಿ.

ಈಗ ನಾನು ಮೊದಲಿಂದ ಹೇಳಬೇಕೆಂದಿದ್ದ ಆ 355 ದಿನ. ವಿಜಯದಶಮಿಯ ರಾತ್ರಿ ಪಟ್ಟದ ಜೋಡಿಯನ್ನು ಮಲಗಿಸಿ ಮರುದಿನ ಎತ್ತಿಡುವುದು ವಾಡಿಕೆ. ಆದರೆ ಆಗ ಬೆಂಗಳೂರಲ್ಲಿ ಹಸ್ತ, ಚಿತ್ತಾ ಮಳೆಗಳ ಕಾಲ. ಗಾಳಿಯಲ್ಲಿ ತೇವ, ಪಂಚೆಯಲ್ಲಿ ತೇವ, ಆ ತೇವವನ್ನೇ ಟ್ರಂಕಿನೊಳಗೆ ಮುಚ್ಚಿ ಬೀಗ ಹಾಕುತ್ತೇವೆ. ಬೂಷ್ಟು ಬರುವುದು ಅಲ್ಲಿಂದ. ಜೋಡಿ ಮಲಗಲಿ, ಮಿಕ್ಕ ಗೊಂಬೆ ಒಳ್ಳೆಯ ಬಿಸಿಲು ಬಂದ ದಿನದವರೆಗೆ, ವಾರವಾದರೂ ಸರಿ, ಮೆಟ್ಟಿಲ ಮೇಲೇ ಇರಲಿ. ಬಿಸಿಲು ಬಂದ ದಿನ ಟ್ರಂಕನ್ನೂ ಸುತ್ತುವ ಬಟ್ಟೆಯನ್ನೂ ಬಿಸಿಲಿಗೆ ಹಾಕಿ, ಗೊಂಬೆಯನ್ನಲ್ಲ.

ಸುತ್ತುವುದಕ್ಕೆ ಹಳೆಯ ಹತ್ತಿ ಸೀರೆ, ಪಂಚೆ ಶ್ರೇಷ್ಠ. ಗಂಜಿ ಹೋಗುವಂತೆ ಎರಡು ಸಲ ಒಗೆದಿರಬೇಕು, ಗಂಜಿಯ ಆಸೆಗೆ ಜಿರಲೆ ಬರುತ್ತದೆ. ದಿನಪತ್ರಿಕೆಯಲ್ಲಿ ಮಾತ್ರ ಸುತ್ತಬೇಡಿ. ಒಂದು ಸಲ ನಾನು ಬಿಚ್ಚಿದ ಲಕ್ಷ್ಮಿಯ ಕೆನ್ನೆಯ ಮೇಲೆ ಕನ್ನಡಿಯಲ್ಲಿ ಕಾಣುವ ಹಾಗೆ ತಿರುವುಮುರುವಾದ ಅಕ್ಷರಗಳಿದ್ದವು. ಕನ್ನಡಿ ಹಿಡಿದು ಓದಿದೆ, ಯಾವುದೋ ವರ್ಷದ ಅಡಿಕೆ ಧಾರಣೆ. ಮಸಿ ಬಣ್ಣದೊಳಗೆ ಇಳಿದುಬಿಟ್ಟಿತ್ತು, ತೆಗೆಯಲಾಗಲಿಲ್ಲ. ಗುಳ್ಳೆಯ ಪ್ಲಾಸ್ಟಿಕ್ಕೂ ಬೇಡ, ಅರಗಿನ ಮೇಲೆ ಗುಳ್ಳೆಯ ಅಚ್ಚು ಒತ್ತುತ್ತದೆ, ತೇವ ಹಿಡಿದಿಡುತ್ತದೆ.

ನುಸಿ ಗುಳಿಗೆ ಹಾಕುವ ರೂಢಿಯನ್ನು ಬಿಡಿ ಎಂದೇ ಹೇಳುತ್ತೇನೆ. ಅದರಲ್ಲಿರುವ ನ್ಯಾಫ್ತಲೀನ್ ಹಬೆ ಕೆಲವು ಬಣ್ಣ ಮತ್ತು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ರಕ್ತಕಣ ಒಡೆಯುವ ಅಪಾಯವೂ ಇದೆ. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿದ್ದನ್ನು ಬಟ್ಟೆ ಚೀಲದಲ್ಲಿ ಹಾಕಿ. ಅದು ಹುಳ ಕೊಲ್ಲುವುದಿಲ್ಲ, ಬರುವ ಹುಳಕ್ಕೆ ಸ್ವಲ್ಪ ತಡೆ ಅಷ್ಟೇ. ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಒಳ್ಳೆಯದು. ಶೆಟ್ಟಿಯ ಅಂಗಡಿಯ ಬೇಳೆ, ಬೆಲ್ಲ, ಕೊಬ್ಬರಿ ಒಂದು ಚೂರೂ ಟ್ರಂಕಿಗೆ ಹೋಗದಂತೆ ನೋಡಿ, ಇಲಿ ಟ್ರಂಕಿನ ದಾರಿ ಹಿಡಿಯುವುದು ಅದರಿಂದ. ಟ್ರಂಕು ಅಟ್ಟಕ್ಕೆ ಬೇಡ, ತಾರಸಿಯ ಕೆಳಗೆ ಬೇಸಿಗೆಯ ಕಾವು ಚಳಿಗಾಲದ ತಂಪು ಎರಡೂ ವಿಪರೀತ. ಮಂಚದ ಕೆಳಗೆ, ಎರಡು ಇಟ್ಟಿಗೆಯ ಮೇಲೆ, ಹೊರಗೋಡೆಗೆ ತಾಗದಂತೆ ಇಡಿ.

ಎತ್ತಿಡುವ ಮೊದಲು ಮೆಟ್ಟಿಲ ಒಂದೊಂದು ಸಾಲಿನ ಫೋಟೊ ತೆಗೆದುಕೊಳ್ಳಿ. ನಿಮ್ಮ ಯಜಮಾನರಿಗೆ, ನಾದಿನಿಗೆ ಒಂದೊಂದು ಗೊಂಬೆ ಎಲ್ಲಿಂದ ಬಂತು, ಯಾವ ಜಾತ್ರೆಯಲ್ಲಿ ಕೊಂಡದ್ದು ಎಂದು ನೆನಪಿದ್ದಷ್ಟನ್ನು ಕೇಳಿ ಒಂದು ನೋಟ್‌ಪುಸ್ತಕದಲ್ಲಿ ಬರೆದು ಟ್ರಂಕಿನಲ್ಲೇ ಇಡಿ. ಪಟ್ಟದ ಜೋಡಿಯ ಕೆಳಗೆ ಆ ಕರಿ ಕಾಗದವನ್ನು ಹಾಸಿ ಮುಚ್ಚಿ. ಸಂಕ್ರಾಂತಿಗೆ ಒಮ್ಮೆ, ಯುಗಾದಿಗೆ ಒಮ್ಮೆ ತೆಗೆದು ನೋಡಿ. ಪುಡಿ ಬಿದ್ದಿದ್ದರೆ ಅದೇ ಕಾಗದದ ಫೋಟೊ ತೆಗೆದು ನನಗೆ ಕಳಿಸಿ.